ಏಳು ನಿಮಿಷ ನಿಂತ ಬಸ್ಸು

ರೈಟಕ್ಕ ನೀರು ಕುಡಿಯುವುದನ್ನು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಬಿಟ್ಟಿದ್ದಳು ಅಂದರೆ ಪೂರ್ತಿ ಅಲ್ಲ. ಡ್ಯೂಟಿ ಮುಗಿಸಿ ಮನೆಗೆ ಬಂದವಳೇ ಚೊಂಬು ಎತ್ತಿ ಗಟಗಟ ಕುಡಿಯುತ್ತಿದ್ದಳು. ಆದರೆ ಬೆಳಿಗ್ಗೆ ಎದ್ದಾಗಿನಿಂದ ಮಧ್ಯಾಹ್ನ ಎರಡೂವರೆಯ ತನಕ ಗಂಟಲಿಗೆ ಒಂದು ತೊಟ್ಟು ಇಳಿಸುತ್ತಿರಲಿಲ್ಲ. ಬಾಯಿ ಒಣಗಿದರೆ ಉಗುಳು ನುಂಗುತ್ತಿದ್ದಳು. ಉಗುಳೂ ಒಣಗಿದರೆ ಸುಮ್ಮನಿರುತ್ತಿದ್ದಳು. ಕಂಡಕ್ಟರ್ ಕೆಲಸಕ್ಕೆ ಸೇರಿದ ಮೊದಲ ದಿನ ಹಳಬಳೊಬ್ಬಳು ಹೇಳಿಕೊಟ್ಟ ಪಾಠ ಅದು. ಟಿಕೆಟ್ ಮಷೀನ್ ಹಿಡಿಯುವುದನ್ನು ಆಮೇಲೆ ಹೇಳಿಕೊಟ್ಟಳು.

ಅವಳ ನಿಜವಾದ ಹೆಸರು ಡಿಪೋದ ಹಾಜರಿ ಪುಸ್ತಕ ಬಿಟ್ಟರೆ ಎಲ್ಲೂ ಉಳಿದಿರಲಿಲ್ಲ. ಅವಳು ‘ರೈಟ್, ರೈಟ್’ ಅಂದರೆ ಹಿಂದಿನ ಬಾಗಿಲಿನಿಂದ ಮುಂದಿನ ಗಾಜಿನ ತನಕ ಕೇಳುತ್ತಿತ್ತು. ಹಾಗಾಗಿ ಪ್ಯಾಸೆಂಜರುಗಳಿಗೆ ರೈಟಕ್ಕ. ಡ್ರೈವರಣ್ಣನಿಗೂ ರೈಟಕ್ಕ. ಮನೆಯಲ್ಲಿ ಅತ್ತೆ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಅವಳ ಬಸ್ಸು ಊರಿನ ಒಂದು ತುದಿಯಿಂದ ಹೊರಟು ಇನ್ನೊಂದು ತುದಿಯ ಬಟ್ಟೆ ಫ್ಯಾಕ್ಟರಿಗಳ ಹತ್ತಿರ ನಿಲ್ಲುತ್ತಿತ್ತು. ಒಂದು ಟ್ರಿಪ್ಪಿಗೆ ಒಂದೂಕಾಲು ಗಂಟೆ. ರಸ್ತೆ ಕಟ್ಟಿಕೊಂಡರೆ ಎರಡು ಗಂಟೆ. ಕೊನೇ ಸ್ಟಾಪಿನಲ್ಲಿ ಒಂದು ತಗಡಿನ ಶೆಡ್ಡು. ಅದರೊಳಗೆ ಟೈಮ್‌ಕೀಪರಿನ ಮೇಜು, ಒಂದು ಗಡಿಯಾರ, ಒಂದು ಕುರ್ಚಿ. ಶೆಡ್ಡಿನ ಹಿಂದೆ ಒಂದು ಗೋಡೆ. ಮೊಳ ಎತ್ತರದವರೆಗೆ ಆ ಗೋಡೆ ಯಾವಾಗಲೂ ಒದ್ದೆ. ಗಂಡಸರಿಗೆ ಆ ಗೋಡೆ ಇತ್ತು. ಹೆಂಗಸರಿಗೆ ಗೋಡೆಯೂ ಇರಲಿಲ್ಲ.

ಮೊದಲು ಎದುರಿನ ಪೆಟ್ರೋಲ್ ಬಂಕಿನವರು ಬಿಡುತ್ತಿದ್ದರು. ಆಮೇಲೆ ಬೀಗ ಹಾಕಿದರು. ಒಂದು ಮನೆಯ ಅಮ್ಮ ಎರಡು ತಿಂಗಳು ಹಿತ್ತಲಿಗೆ ಬಿಟ್ಟಳು. ಕಂಡಕ್ಟರುಗಳು ನಾಲ್ಕೈದು ಜನ ಬರತೊಡಗಿದ ಮೇಲೆ ಅವಳೂ ಬಾಗಿಲು ಹಾಕಿಕೊಂಡಳು. ರೈಟಕ್ಕ ಮೂರು ಸಲ ಅರ್ಜಿ ಬರೆದಳು.

“ನಿಮ್ಮ ಅರ್ಜಿ ಮೇಲೆ ಹೋಗಿದೆ ಅಕ್ಕ,” ಅನ್ನುತ್ತಿದ್ದ ಟೈಮ್‌ಕೀಪರ್.

“ಮೇಲೆ ಹೋದದ್ದರಲ್ಲಿ ಕೆಳಗೆ ಬರೋದು ಮಳೆ ಒಂದೇ ಕಣಯ್ಯಾ,” ಅನ್ನುತ್ತಿದ್ದ ಡ್ರೈವರಣ್ಣ.

ಒಂಬತ್ತನೇ ವರ್ಷ ಅವಳಿಗೆ ಉರಿ ಶುರುವಾಯಿತು. ಕೂತರೆ ಉರಿ, ಎದ್ದರೆ ಉರಿ. ಸೊಂಟದ ಎರಡೂ ಕಡೆ ಯಾರೋ ಗುದ್ದಿದ ಹಾಗೆ ನೋವು. ಆಸ್ಪತ್ರೆಯ ಡಾಕ್ಟರಮ್ಮ ಪರೀಕ್ಷೆಯ ಚೀಟಿ ನೋಡಿ ಬೈದಳು.

“ಸೋಂಕು ಮೂತ್ರಪಿಂಡಕ್ಕೆ ಏರ್ತಾ ಇದೆ. ಮೂರು ಲೀಟರ್ ನೀರು ಕುಡೀಬೇಕು ದಿನಕ್ಕೆ.”

“ಕುಡಿದದ್ದನ್ನ ಎಲ್ಲಿ ಇಟ್ಕೊಳ್ಳಲಿ ಡಾಕ್ಟ್ರೇ?” ಅಂದಳು ರೈಟಕ್ಕ.

ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟಳು.

*

ಆ ಮಂಗಳವಾರ ಬೆಳಿಗ್ಗೆ ಅವಳಿಗೆ ಜ್ವರ ಇತ್ತು. ರಜೆ ಕೇಳಿದಳು. ಆಳಿಲ್ಲ ಅಂದರು. ಮುಂದಿನ ಬಸ್ಸು ಕೆಟ್ಟು ನಿಂತಿತ್ತು. ಅದರ ಜನವೆಲ್ಲ ಇವಳ ಬಸ್ಸಿಗೆ ಹತ್ತಿದರು. ನಲವತ್ತು ಸೀಟಿನ ಬಸ್ಸಿನಲ್ಲಿ ತೊಂಬತ್ತು ಜನ. ರೈಟಕ್ಕ ಬೆನ್ನಿನಿಂದ ತಳ್ಳಿ, ಮೊಣಕೈಯಿಂದ ಸರಿಸಿ, ಜನದ ನಡುವೆ ಈಜಿದ ಹಾಗೆ ಹೋಗಿ ಟಿಕೆಟ್ ಕೊಟ್ಟಳು. ಒಬ್ಬ ಅವಳ ಕಾಲು ತುಳಿದ. ಇನ್ನೊಬ್ಬನ ಚೀಲ ಅವಳ ಕಿಬ್ಬೊಟ್ಟೆಗೆ ಒತ್ತಿ ನಿಂತಿತು. ಅವಳಿಗೆ ಕಣ್ಣು ಕತ್ತಲೆ ಬಂತು.

ಮೊದಲ ಟ್ರಿಪ್ಪಿನಲ್ಲೇ ತಡವಾಗಿತ್ತು. ಹಾಗಾಗಿ ಕೊನೇ ಸ್ಟಾಪಿನಲ್ಲಿ ನಿಲ್ಲದೆ ತಿರುಗಿಸಿಕೊಂಡು ಬಂದಿದ್ದರು. ಇದು ಎರಡನೆಯದು. ಮೇಲ್ಸೇತುವೆಯ ಮೇಲೆ ವಾಹನಗಳು ಅಂಗುಲ ಅಂಗುಲ ಜರುಗುತ್ತಿದ್ದವು. ಸೇತುವೆ ಇಳಿಯುವ ಹೊತ್ತಿಗೆ ರೈಟಕ್ಕನ ಹಲ್ಲು ಕಟಕಟ ಅನ್ನುತ್ತಿತ್ತು. ಅವಳು ಮುಂದೆ ಹೋಗಿ ಡ್ರೈವರಣ್ಣನ ಸೀಟಿನ ಕಂಬಿ ಹಿಡಿದಳು.

“ಅಣ್ಣ, ನಿಲ್ಸು.”

“ಇಲ್ಲಿ ಸ್ಟಾಪಿಲ್ಲ ಕಣಕ್ಕ.”

“ಅಣ್ಣ. ನಿಲ್ಸು.”

ಅವನು ಅವಳ ಮುಖ ನೋಡಿದ. ನಿಲ್ಲಿಸಿದ.

ಎಡಗಡೆ ಗಾಜಿನ ಗೋಡೆಯ ಕಾರು ಶೋರೂಮು. ಒಳಗೆ ಹೊಳೆಯುವ ನಾಲ್ಕು ಕಾರು. ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ.

“ಟಾಯ್ಲೆಟ್ಟು ಕಸ್ಟಮರಿಗೆ ಮಾತ್ರ.”

“ಅಪ್ಪಾ, ಕೈ ಮುಗೀತೀನಿ. ಒಂದು ನಿಮಿಷ.”

“ಮೇಲೆ ಕೇಳ್ಬೇಕು. ಇರಿ.”

ಅವನು ಫೋನ್ ಮಾಡಿದ. ಮೇಲಿನವರು ಎತ್ತಲಿಲ್ಲ. ಮತ್ತೆ ಮಾಡಿದ. ಹಿಂದೆ ರಸ್ತೆಯಲ್ಲಿ ಹಾರ್ನ್ ಶುರುವಾಯಿತು. ಮೂರನೇ ಸಲ ಮಾಡಿದ. “ಸಾರ್, ಬಸ್ಸಿನ ಒಬ್ಬಳು ಹೆಂಗಸು...” ಅಂದ. ಅಷ್ಟರಲ್ಲಿ ರೈಟಕ್ಕನ ಕಾಲಿನ ಉದ್ದಕ್ಕೂ ಬೆಚ್ಚಗೆ ಇಳಿಯಿತು.

ನಲವತ್ತೆರಡು ವರ್ಷದ ಹೆಂಗಸು. ವಯಸ್ಸಿಗೆ ಬಂದ ಮಗಳ ತಾಯಿ. ಗಾಜಿನ ಗೋಡೆಯ ಮುಂದೆ, ಬಿಸಿಲಿನಲ್ಲಿ, ಖಾಕಿ ಪ್ಯಾಂಟು ಒದ್ದೆಯಾಗಿ ನಿಂತಳು. ಕಾವಲುಗಾರ ನೆಲ ನೋಡಿದ. ಆಮೇಲೆ ಕೈ ತೆಗೆದ. “ಹೋಗಿ ಬನ್ನಿ,” ಅಂದ. ಇನ್ನು ಹೋಗಿ ಏನು? ಆದರೂ ಹೋದಳು. ನೀರು ಹಾಕಿ ತೊಳೆದುಕೊಂಡಳು. ಅಂಗಿಯ ಮೇಲಿನ ಕೋಟು ಬಿಚ್ಚಿ ಸೊಂಟಕ್ಕೆ ಸುತ್ತಿ ಕಟ್ಟಿದಳು. ಹೊರಗೆ ಬಂದಳು.

ಬಸ್ಸಿನ ಹಿಂದೆ ಒಂದು ಬಿಳಿ ಕಾರು. ಅದರ ಹಿಂದಿನ ಸೀಟಿನವನು ಇಳಿದು ಮೊಬೈಲ್ ಎತ್ತಿ ಹಿಡಿದಿದ್ದ. “ನೋಡಿ, ನೋಡಿ. ಏಳು ನಿಮಿಷ ಆಯ್ತು. ರಸ್ತೆ ಮಧ್ಯ ಬಸ್ ನಿಲ್ಸಿ ಮೇಡಮ್ಮು ಶೋರೂಮ್ ನೋಡೋಕೆ ಹೋಗಿದ್ರು. ಇದು ನಮ್ಮ ಸಾರಿಗೆಯ ಗುಣಮಟ್ಟ. ಇದಕ್ಕೇ ನಾವು ಬಸ್ ಹತ್ತಲ್ಲ,” ಎಂದು ಮೊಬೈಲಿಗೆ ಹೇಳುತ್ತಿದ್ದ.

ಬಸ್ಸಿನೊಳಗೂ ಬೈಗುಳ. ದಿನಾ ಬರುವ ಹೊಲಿಗೆಯವಳು, ಬಟ್ಟೆ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುವ ಬಡಕಲು ಹುಡುಗಿ, ಎಲ್ಲರಿಗಿಂತ ಜೋರಾಗಿ ಕೂಗಿದಳು. “ಒಂಬತ್ತಕ್ಕೆ ಗೇಟು ಹಾಕ್ತಾರೆ ನಮಗೆ! ನಿಮಗೇನು, ಸರ್ಕಾರಿ ಸಂಬಳ!”

ರೈಟಕ್ಕ ಬಸ್ಸು ಹತ್ತಿ ಎರಡು ಸಲ ಸೀಟಿ ಊದಿದಳು. “ರೈಟ್,” ಅಂದಳು. ಮಧ್ಯಾಹ್ನ ಎರಡೂವರೆಯ ತನಕ ಅದೇ ಬಟ್ಟೆಯಲ್ಲಿ ಇನ್ನೂರ ಹದಿನೇಳು ಟಿಕೆಟ್ ಹರಿದಳು.

*

ವಿಡಿಯೋ ಅವಳಿಗಿಂತ ಮೊದಲು ಮನೆ ಸೇರಿತ್ತು.

“ಅಮ್ಮ, ಇದು ನೀನಾ?” ಅಂದಳು ಮಗಳು. “ಸೊಂಟಕ್ಕೆ ಕೋಟು ಯಾಕೆ ಕಟ್ಕೊಂಡಿದೀಯ?”

ರೈಟಕ್ಕ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಪ್ಯಾಂಟು ಒಗೆಯುವ ಸದ್ದು ಬಹಳ ಹೊತ್ತು ಕೇಳಿತು. ಎಂಟು ಸಾವಿರ ಜನ ಆ ವಿಡಿಯೋದ ಕೆಳಗೆ ಬರೆದಿದ್ದರು. ಹೆಚ್ಚಿನವರು ಬಸ್ಸು ಹತ್ತಿ ಎಷ್ಟು ವರ್ಷವಾಗಿತ್ತೋ. ಸೋಮಾರಿಗಳು ಅಂದಿದ್ದರು. ಖಾಸಗಿಯವರಿಗೆ ಕೊಡಿ ಅಂದಿದ್ದರು. ಒಬ್ಬ ಕಾರಿನವನು, ಬಸ್ಸಿನಲ್ಲಿ ಬೆವರಿನ ವಾಸನೆ, ಅದಕ್ಕೆ ಹತ್ತುವುದಿಲ್ಲ ಎಂದು ಬರೆದಿದ್ದ. ಅದನ್ನು ಮಗಳು ಓದಿ ಹೇಳಿದಾಗ ಅತ್ತೆ ಕೇಳಿದಳು.

“ಬೆವರದೆ ಬದುಕೋರು ಇದಾರಾ ಊರಲ್ಲಿ?”

ಅತ್ತೆ ಮೂವತ್ತು ವರ್ಷ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತವಳು. ಸೊಸೆ ಬಚ್ಚಲಿನಿಂದ ಹೊರಗೆ ಬಂದ ಮೇಲೆ ಹತ್ತಿರ ಕೂರಿಸಿಕೊಂಡಳು. ಆದದ್ದನ್ನೆಲ್ಲ ಬಾಯಿ ಬಿಡಿಸಿದಳು. ಸಮಾಧಾನ ಹೇಳುವ ಜಾಯಮಾನ ಅವಳದಲ್ಲ.

“ನಾವು ನಾಲ್ಕು ಜನ ಸೇರಿ ಸೀರೆ ಅಡ್ಡ ಹಿಡೀತಿದ್ವಿ. ಹತ್ತು ಮಹಡಿ ಕಟ್ಟಡ ಕಟ್ಟಿದೀನಿ ಕಣೇ. ಒಂದೊಂದು ಮಹಡೀಲೂ ಎಂಟೆಂಟು ಕಕ್ಕಸು. ಒಂದರಲ್ಲೂ ನಾನು ಕೂತಿಲ್ಲ. ಮುಗಿದ ದಿನ ಹೊರಗೆ ಹಾಕಿದ್ರು.” ಸೊಸೆಯ ಮುಖ ನೋಡಿ ಅಂದಳು, “ನಾನು ಸುಮ್ಮನಿದ್ದೆ. ಅದೇ ನಾನು ಮಾಡಿದ ತಪ್ಪು.”

ಮರುದಿನ ಡಿಪೋ ಮ್ಯಾನೇಜರು ಕರೆಸಿದರು. ಮೇಜಿನ ಮೇಲೆ ಮೆಮೊ ಇತ್ತು. ಅದರ ಪಕ್ಕ ಟೈಪ್ ಮಾಡಿದ ಇನ್ನೊಂದು ಹಾಳೆ.

“ಶನಿವಾರ ಸಾರ್ವಜನಿಕರ ಸಭೆ ಇದೆ. ಬಸ್ಸಿನಲ್ಲಿ ಓಡಾಡೋರನ್ನೂ ಕರೆದಿದಾರೆ, ಕಾರಿನೋರನ್ನೂ ಕರೆದಿದಾರೆ. ಕಾರಿನೋರು ಬಸ್ಸಿಗೆ ಯಾಕೆ ಬರ್ತಿಲ್ಲ ಅಂತ ತಿಳ್ಕೋಬೇಕಂತೆ. ಆ ವಿಡಿಯೋ ಮಾಡಿದವರೂ ಬರ್ತಾರೆ. ನೀವು ಈ ಹಾಳೆ ಓದಿ, ಕ್ಷಮೆ ಕೇಳಿ. ಕೇಸು ಅಲ್ಲಿಗೇ ಮುಗೀತು.”

“ಕೇಳದಿದ್ರೆ?”

“ನೋಡಿ, ನಾನೂ ಹೆಂಡ್ತಿ ಮಕ್ಕಳಿರೋನು. ನನ್ನ ಕೈ ಕಟ್ಟಿಹಾಕ್ಬೇಡಿ.”

ಅವಳು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡಳು. ಓದುವ ಮನಸ್ಸಿತ್ತು. ಮಗಳ ಓದು ಇತ್ತು. ಗಂಡ ದೂರದೂರಿಗೆ ಲಾರಿ ಓಡಿಸುವವನು, ಮನೆಗೆ ಬಂದರೆ ಬಂದ. ಎರಡು ಸಾಲು ಓದಿದರೆ ಗಂಟಲೇನು ಸವೆಯುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡಳು.

*

ಸಭೆಯ ಹಾಲಿನಲ್ಲಿ ತಣ್ಣನೆ ಗಾಳಿ. ಮುಂದಿನ ಸಾಲಿನ ಮೆತ್ತನೆ ಕುರ್ಚಿಗಳಲ್ಲಿ ಕಾರಿನವರು. ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಬಸ್ಸಿನವರು. ವೇದಿಕೆಯಲ್ಲಿ ದೊಡ್ಡ ಸಾಹೇಬರು, ಅವರ ಎಡಬಲಕ್ಕೆ ಚಿಕ್ಕ ಸಾಹೇಬರುಗಳು.

ಬಾಗಿಲ ಹತ್ತಿರ ಒಬ್ಬ ರೈಟಕ್ಕನನ್ನು ತಡೆದ. ಮುಖ ಪರಿಚಯದ್ದೇ. ದಿನಾ ಬೆಳಿಗ್ಗೆ ಅವಳ ಮೊದಲ ಬಸ್ಸಿಗೆ ಬರುವವನು.

“ಅಕ್ಕ, ನಾನು ಆ ಬಿಳಿ ಕಾರಿನ ಡ್ರೈವರು. ಅವತ್ತು ಹಾರ್ನ್ ಹೊಡೆದದ್ದು ನಾನೇ. ಹೊಡಿ ಅಂದ್ರು, ಹೊಡೆದೆ.” ಅವನು ತಲೆ ಎತ್ತಲಿಲ್ಲ. “ಅವರು ಕಾರಲ್ಲಿ ಹೋಗ್ಬೇಕು ಅಂದ್ರೆ ನಾನು ನಿಮ್ಮ ಬಸ್ಸಲ್ಲಿ ಬರ್ಬೇಕು. ಅದು ಅವರಿಗೆ ಗೊತ್ತೇ ಇಲ್ಲ.”

“ಹೋಗ್ಲಿ ಬಿಡಪ್ಪ,” ಅಂದಳು ರೈಟಕ್ಕ. ಅವನ ಮೇಲೆ ಸಿಟ್ಟು ಬರಲಿಲ್ಲ.

ಕಾರಿನವರಿಗೆ ಮೊದಲು ಮೈಕು. ಒಬ್ಬರು ಎ.ಸಿ. ಬೇಕು ಅಂದರು. ಒಬ್ಬರು ಫೋನ್ ಚಾರ್ಜ್ ಮಾಡುವ ವ್ಯವಸ್ಥೆ ಇಲ್ಲ ಅಂದರು. ಒಬ್ಬ ಹೆಂಗಸು, ನೂಕುನುಗ್ಗಲಿನಲ್ಲಿ ನಿಲ್ಲಲು ಭಯ ಅಂದಳು. ಆ ಮಾತಿಗೆ ಹಿಂದಿನ ಸಾಲಿನ ಹೆಂಗಸರೂ ತಲೆಯಾಡಿಸಿದರು. ಬಿಳಿ ಕಾರಿನವನು ಎದ್ದು ಹತ್ತು ನಿಮಿಷ ಮಾತಾಡಿದ. “ನಮ್ಮಂಥವರು ಬಸ್ಸಿಗೆ ಬರಬೇಕು ಅಂದ್ರೆ ಮೊದಲು ಒಂದು ಶಿಸ್ತು ಬರಬೇಕು,” ಅಂದ. ಸಭೆಯ ನಡುವೆ ಎರಡು ಸಲ ‘ಕ್ಷಮಿಸಿ’ ಎಂದು ಎದ್ದು ಹೊರಗೆ ಹೋಗಿ, ಕೈ ಒರೆಸಿಕೊಳ್ಳುತ್ತ ವಾಪಸು ಬಂದ.

ಆಮೇಲೆ ಬಸ್ಸಿನವರು. ಒಬ್ಬ ಮುದುಕ, ಮೆಟ್ಟಿಲು ಎತ್ತರ, ಮೊಣಕಾಲು ಬರುವುದಿಲ್ಲ ಅಂದ. ಆಸ್ಪತ್ರೆಯಲ್ಲಿ ನೆಲ ಒರೆಸುವವಳೊಬ್ಬಳು ಎದ್ದು, “ನಮಗೆ ಚಾರ್ಜರ್ ಬೇಡ ಸ್ವಾಮಿ, ಬಸ್ಸು ಬರಲಿ ಸಾಕು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಯಾಕೆ?” ಅಂದಳು. ನಗು ಎದ್ದಿತು. ಸಾಹೇಬರೂ ನಕ್ಕರು. ಏನೂ ಬರೆದುಕೊಳ್ಳಲಿಲ್ಲ.

ಕೊನೆಗೆ ಹೊಲಿಗೆಯವಳು ಎದ್ದಳು. “ಮಂಗಳವಾರ ಈ ಅಕ್ಕನಿಂದ ನನಗೆ ಗೇಟು ಹಾಕಿದ್ರು. ಅರ್ಧ ದಿನ ಬಿಸಿಲಲ್ಲಿ ನಿಂತೆ. ನನ್ನ ಮಷೀನಿಗೆ ಬೇರೆಯವಳನ್ನ ಕೂರಿಸಿದ್ರು,” ಅಂದಳು.

ಡಿಪೋ ಮ್ಯಾನೇಜರು ಸನ್ನೆ ಮಾಡಿದರು. ರೈಟಕ್ಕ ವೇದಿಕೆ ಹತ್ತಿದಳು. ಹಾಳೆ ಬಿಚ್ಚಿದಳು.

“ನಾನು ವೈಯಕ್ತಿಕ ಕೆಲಸದ ನಿಮಿತ್ತ ಬಸ್ಸನ್ನು ಏಳು ನಿಮಿಷ ರಸ್ತೆಯಲ್ಲಿ ನಿಲ್ಲಿಸಿ...”

ನಿಂತಳು. ಮತ್ತೆ ಅದೇ ಸಾಲು ನೋಡಿದಳು. ವೈಯಕ್ತಿಕ ಕೆಲಸ. ನಾಲಿಗೆಯಿಂದ ಒಣ ತುಟಿ ಸವರಿಕೊಂಡಳು.

“ನೀರು ಕುಡೀರಮ್ಮ. ಗಾಬರಿಯಾಗ್ಬೇಡಿ,” ಎಂದು ದೊಡ್ಡ ಸಾಹೇಬರು ತಮ್ಮ ಮುಂದಿನ ಬಾಟಲಿ ಸರಿಸಿದರು.

“ಬೇಡ ಸಾಹೇಬ್ರೇ. ನನಗೆ ಇನ್ನೊಂದು ಟ್ರಿಪ್ ಇದೆ.”

ಅವಳು ಹಾಳೆಯನ್ನು ಮಡಚಿ ಬಾಟಲಿಯ ಪಕ್ಕ ಇಟ್ಟಳು.

“ಇದನ್ನ ನಾನು ಬರೆದಿಲ್ಲ. ಓದಲ್ಲ. ನಾನು ಅವತ್ತು ಉಚ್ಚೆ ಹೊಯ್ಯೋಕೆ ಇಳಿದೆ.”

ಯಾರೋ ಪಿಸಕ್ಕನೆ ನಕ್ಕರು.

“ನಗಬೇಡಿ. ಈ ಅಪ್ಪ ಸಭೆ ನಡೀತಾ ಇದ್ದಾಗಲೇ ಎರಡು ಸಲ ಎದ್ದು ಹೋಗಿ ಬಂದ್ರು. ಯಾರಾದ್ರೂ ವಿಡಿಯೋ ಮಾಡಿದ್ರಾ? ಎಷ್ಟು ನಿಮಿಷ ಆಯ್ತು ಅಂತ ಲೆಕ್ಕ ಇಟ್ರಾ? ಒಂಬತ್ತು ವರ್ಷ ಬಿಗಿಹಿಡ್ಕೊಂಡು ನಿಂತಿದೀನಿ ನಾನು. ಮುಟ್ಟಾದ ದಿನ ಬಟ್ಟೆ ಬದಲಾಯಿಸೋಕೆ ಜಾಗ ಇಲ್ಲದೆ ಬೆಳಿಗ್ಗಿನಿಂದ ಒಂದರಲ್ಲೇ ಇದ್ದೀನಿ. ಅವತ್ತು ಶೋರೂಮಿನ ಬಾಗಿಲಲ್ಲಿ ಬಟ್ಟೇಲೇ ಆಗೋಯ್ತು ನನಗೆ. ಅದಕ್ಕೆ ಕೋಟು ಕಟ್ಕೊಂಡೆ. ನಿಮ್ಮ ವಿಡಿಯೋದಲ್ಲಿ ಅದೂ ಇದೆ, ನೋಡ್ಕೊಳ್ಳಿ. ಬಸ್ಸಿನ ಗುಣಮಟ್ಟ ಅಂತೀರಲ್ಲ, ಅದರೊಳಗೆ ನಾನು ಇಲ್ವಾ?”

ಅವಳು ಹಿಂದಿನ ಸಾಲಿನ ಕಡೆ ತಿರುಗಿದಳು.

“ತಂಗೀ, ನಿನ್ನ ಅರ್ಧ ದಿನ ಹೋಯ್ತು. ನಿನ್ನ ಹತ್ರ ಕ್ಷಮೆ ಕೇಳ್ತೀನಿ. ಇವರ ಹತ್ರ ಕೇಳಲ್ಲ.”

ಇಳಿದು ನಡೆದಳು. ಹೊಲಿಗೆಯವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

ಸಂಜೆಯೊಳಗೆ ಅಮಾನತಿನ ಆದೇಶ ತಯಾರಾಯಿತು. ಆದರೆ ಕಂಡಕ್ಟರುಗಳ ಕೊರತೆ ಇತ್ತು. “ಸೋಮವಾರ ಬೆಳಗಿನ ಡ್ಯೂಟಿ ಮಾಡ್ಬಿಡಿ. ಮುಗಿಸ್ಕೊಂಡು ಬಂದು ಆರ್ಡರ್ ತಗೊಳ್ಳಿ,” ಅಂದರು ಮ್ಯಾನೇಜರು. ಡ್ರೈವರಣ್ಣ ಹಣೆ ಚಚ್ಚಿಕೊಂಡ.

*

ಸೋಮವಾರ ಎರಡನೇ ಟ್ರಿಪ್ಪು. ಸಾರಿಗೆಯ ದೊಡ್ಡ ಕಚೇರಿ ಅದೇ ದಾರಿಯಲ್ಲಿ ಇತ್ತು. ಏಳು ಮಹಡಿ. ಸೋಮವಾರ ಎಂಟೂವರೆಗೆ ಅಲ್ಲಿ ಸಾಹೇಬರುಗಳ ಮೀಟಿಂಗು.

ಕಚೇರಿ ಕಾಣಿಸಿದ ಕೂಡಲೇ ರೈಟಕ್ಕ ಸೀಟಿ ಊದಿದಳು. ಒಂದು ಸಲ. ನಿಲ್ಲಿಸು ಎಂದು ಅರ್ಥ.

ಡ್ರೈವರಣ್ಣ ಕನ್ನಡಿಯಲ್ಲಿ ನೋಡಿದ. “ಅಕ್ಕ, ನನಗೆ ಇನ್ನು ಎರಡು ವರ್ಷ ಸರ್ವೀಸು ಇರೋದು.”

“ಗೊತ್ತಣ್ಣ. ನಾನು ನಿಲ್ಸು ಅಂದೆ ಅಂತ ಹೇಳು.”

ಅವನು ನಿಲ್ಲಿಸಿದ. ಇಂಜಿನ್ ಕೂಡ ಆರಿಸಿದ. ರೈಟಕ್ಕ ಜನದ ಕಡೆ ತಿರುಗಿದಳು. ಧ್ವನಿ ಏರಿಸುವ ಅಗತ್ಯ ಬೀಳಲಿಲ್ಲ.

“ಬಸ್ಸು ಇಲ್ಲಿ ನಿಲ್ಲುತ್ತೆ. ನಾನು ಇಲ್ಲಿ ಟಾಯ್ಲೆಟ್ಟಿಗೆ ಹೋಗಿ ಬರ್ತೀನಿ. ಬೈಯೋರು ಬೈಯಿರಿ.”

ಬೈದರು. ಒಬ್ಬ ಗಂಡಸು, “ದಿನಾ ಇದೇ ಆಯ್ತು ಇವಳ್ದು,” ಅಂದ. ಇನ್ನೊಬ್ಬ ಮೊಬೈಲ್ ತೆಗೆದ. ಕಿಟಕಿಯ ಪಕ್ಕ ಕೂತಿದ್ದ ಹೊಲಿಗೆಯವಳು ಎದ್ದಳು. ರೈಟಕ್ಕ ಮೆಟ್ಟಿಲ ಮೇಲೇ ನಿಂತಳು. ಈ ಹುಡುಗಿಗೆ ಏನು ಉತ್ತರ ಕೊಡಲಿ?

ಹುಡುಗಿ ಮೊಬೈಲಿನವನ ಮುಂದೆ ಹೋಗಿ ನಿಂತಳು. “ಇಳಿಸ್ರೀ ಅದನ್ನ.” ಆಮೇಲೆ ಹಿಂದೆ ತಿರುಗಿ ಗೆಳತಿಯರಿಗೆ ಹೇಳಿದಳು. “ನಮ್ಮ ಫ್ಯಾಕ್ಟರೀಲಿ ಕಕ್ಕಸಿಗೆ ಹೋಗೋಕೆ ನಲವತ್ತು ಜನಕ್ಕೆ ಒಂದು ಟೋಕನ್ನು. ಅದು ನಮ್ಮ ಕೈಗೆ ಬರೋಷ್ಟರಲ್ಲಿ ಊಟದ ಗಂಟೆ. ಈಗ ಹೋಗದಿದ್ರೆ ಮಧ್ಯಾಹ್ನದ ತನಕ ನಾವೂ ಹಾಗೇ. ಬನ್ರೇ.”

“ಗೇಟು ಹಾಕ್ತಾರೆ ಕಣೇ!”

“ಹಾಕ್ಲಿ. ಇವತ್ತು ನಾವು ಇಪ್ಪತ್ತೆರಡು ಜನ ಇದೀವಿ. ಇಪ್ಪತ್ತೆರಡು ಮಷೀನು ಖಾಲಿ ಬಿಟ್ಟು ಎಷ್ಟು ಹೊತ್ತು ಗೇಟು ಹಾಕಿರ್ತಾರೋ ನೋಡೇಬಿಡೋಣ.”

ಮೊದಲು ಇಬ್ಬರು ಎದ್ದರು. ಆಮೇಲೆ ಐವರು, ಆಮೇಲೆ ಎಲ್ಲರೂ. ಒಬ್ಬಳು, “ನನಗೆ ಬರ್ತಾ ಇಲ್ಲ, ಆದ್ರೂ ಬರ್ತೀನಿ,” ಅಂದಳು. ಅವರ ಸಾಲು ಕೆಳಗಿಳಿಯುವ ಹೊತ್ತಿಗೆ ಹಿಂದಿನ ಬಸ್ಸು ಬಂದು ನಿಂತಿತು. ಅದರ ಕಂಡಕ್ಟರ್ ಹೋದ ವರ್ಷ ಸೇರಿದ ಹುಡುಗಿ. ಡಿಪೋದಲ್ಲಿ ಎಲ್ಲರೂ ಪುಟ್ಟಿ ಅನ್ನುತ್ತಿದ್ದರು. ಏನು ಎತ್ತ ಎಂದು ಕೇಳಲಿಲ್ಲ. ನೋಡಿದಳು, ಸೀಟಿ ಊದಿ ಇಳಿದಳು. ಅವಳ ಹಿಂದೆ ಆ ಬಸ್ಸಿನ ಏಳು ಹೆಂಗಸರೂ ಇಳಿದರು. ಕಾರುಗಳು ಹಾರ್ನ್ ಹೊಡೆದವು. ಹೊಡೆದುಕೊಳ್ಳಲಿ.

ಕಚೇರಿಯ ಬಾಗಿಲಲ್ಲಿ ಸೆಕ್ಯೂರಿಟಿಯವನು ಗಾಬರಿಯಾದ. ಅವನಿಗೆ ಗೊತ್ತಿದ್ದದ್ದು ಒಂದೇ ನಿಯಮ. ಒಂದು ದಪ್ಪ ಪುಸ್ತಕ ಮುಂದೆ ತಳ್ಳಿದ. “ಬರೆದು ಹೋಗಿ.” ಹೆಸರು, ಸಮಯ, ಬಂದ ಕಾರಣ, ಸಹಿ.

ರೈಟಕ್ಕ ಪೆನ್ನು ಹಿಡಿದಳು. ಹೆಸರು ಬರೆದಳು. ಬಂದ ಕಾರಣದ ಮನೆಯಲ್ಲಿ ಸ್ವಲ್ಪ ತಡೆದು, ದಪ್ಪ ಅಕ್ಷರದಲ್ಲಿ ಬರೆದಳು: ಉಚ್ಚೆ.

ಹೊಲಿಗೆಯವಳು ಅದನ್ನು ನೋಡಿದಳು. ಕೆಳಗೆ ತನ್ನ ಹೆಸರು ಬರೆದು, ಕಾರಣದಲ್ಲಿ ‘ಅದೇ’ ಎಂದು ಬರೆದಳು. ಅವಳ ಹಿಂದಿನವಳು ‘ಅದೇ’ ಎಂದು ಬರೆದಳು. ಬರೆಯಲು ಬಾರದ ಒಬ್ಬಳಿಗೆ ಪುಟ್ಟಿ ಬರೆದುಕೊಟ್ಟಳು.

ನೆಲಮಹಡಿಯಲ್ಲಿ ಒಂದೇ ಹೆಂಗಸರ ಕಕ್ಕಸು. ಬಿಳಿ ಹಂಚು, ಕನ್ನಡಿ, ಕೈ ಒರೆಸಲು ಕಾಗದ. ಸಾಲು ಮೊಗಸಾಲೆ ದಾಟಿ ಮೆಟ್ಟಿಲಿನ ತನಕ ನಿಂತಿತು. ಡಿಪೋ ಮ್ಯಾನೇಜರು ಮೇಲಿನ ಮೀಟಿಂಗಿನಿಂದ ಓಡಿ ಬಂದರು. “ಏನಿದು? ಏನಿದು? ಎಷ್ಟು ಹೊತ್ತು ಬಸ್ ನಿಲ್ಸಿದೀರಾ? ನಿಮ್ಮ ಗತಿ ಏನಾಗುತ್ತೆ ಗೊತ್ತಾ?” ಎಂದು ಕೂಗಿದರು. ಬಾಗಿಲ ಹತ್ತಿರ ಹೋಗುವ ಧೈರ್ಯ ಅವರಿಗೆ ಬರಲಿಲ್ಲ.

“ಮೆತ್ತಗೆ ಸಾರ್,” ಅಂದಳು ಸಾಲಿನ ಕೊನೆಯಲ್ಲಿದ್ದ ಪುಟ್ಟಿ. “ಒಳಗೆ ಜನ ಇದಾರೆ.”

ಬಸ್ಸು ಮತ್ತೆ ಹೊರಟಾಗ ಮೂವತ್ನಾಲ್ಕು ನಿಮಿಷವಾಗಿತ್ತು. ಫ್ಯಾಕ್ಟರಿಯ ಗೇಟು ಹಾಕಿತ್ತು. ಇಪ್ಪತ್ತೆರಡು ಜನ ಅದರ ಮುಂದೆ ಕೂತರು. ಹತ್ತೂವರೆಗೆ ಗೇಟು ತೆಗೆದರು. ಅವತ್ತಿನ ಅರ್ಧ ದಿನದ ಸಂಬಳ ಹಿಡಿದುಕೊಂಡರು, ನಿಜ. ತೆಗೆದರು ಎಂಬುದೂ ನಿಜ.

*

ರೈಟಕ್ಕ ಅಮಾನತಾದಳು. ಪುಟ್ಟಿಗೂ ಮೆಮೊ ಬಂತು. ಡ್ರೈವರಣ್ಣನನ್ನು ಬೇರೆ ಡಿಪೋಗೆ ಹಾಕಿದರು. ಎರಡು ತಿಂಗಳ ಮೇಲೆ ಕೊನೇ ಸ್ಟಾಪಿನ ಶೆಡ್ಡಿನ ಪಕ್ಕ ಒಂದು ಕಕ್ಕಸು ಎದ್ದಿತು. ನಲ್ಲಿ ಇತ್ತು, ನೀರು ಇನ್ನೂ ಬಂದಿರಲಿಲ್ಲ. ಪುಟ್ಟಿ ಮತ್ತು ಇನ್ನಿಬ್ಬರು ದಿನಾ ಒಂದೊಂದು ಕ್ಯಾನು ನೀರು ಬಸ್ಸಿನಲ್ಲಿ ಒಯ್ಯುತ್ತಿದ್ದರು.

ವಿಚಾರಣೆಗೆ ಕರೆ ಬಂದ ದಿನ ರೈಟಕ್ಕ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ಹೋದಳು. ಬೇಡವೆಂದರೂ ಅತ್ತೆ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗೆ ವಿಚಾರಣೆಯ ಸಾಹೇಬರು, ಒಬ್ಬಳು ಟೈಪಿಸ್ಟು. ಮೇಜಿನ ಮೇಲೆ ಸಾಕ್ಷಿ ಎಂದು ಆ ದಪ್ಪ ಪುಸ್ತಕ.

“ಕಚೇರಿಗೆ ಅಕ್ರಮವಾಗಿ ನುಗ್ಗಿದ್ರಿ ಅಂತ ಆರೋಪ.”

“ನುಗ್ಗಿಲ್ಲ ಸಾಹೇಬ್ರೇ. ಬರೆದು ಒಳಗೆ ಹೋದ್ವಿ. ಬಂದ ಕಾರಣವೂ ಬರೆದಿದೀವಿ. ಓದಿ.”

ಸಾಹೇಬರು ಪುಟ ತೆರೆದರು. ಕಣ್ಣಾಡಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು.

“ಅದು... ದಾಖಲೆಯಲ್ಲಿ ಇದೆ. ಓದೋ ಅಗತ್ಯ ಇಲ್ಲ.”

“ಇದೆ ಸಾಹೇಬ್ರೇ. ಸಾಕ್ಷಿ ನೀವೇ ತಂದಿದ್ದು. ಓದಿ.”

ಅವರು ಟೈಪಿಸ್ಟಿನ ಕಡೆ ನೋಡಿದರು. ಅವಳು ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟು ಕಾಯುತ್ತಿದ್ದಳು. ಸಾಹೇಬರು ಕೆಮ್ಮಿದರು. ತಗ್ಗಿದ ದನಿಯಲ್ಲಿ ಮೊದಲ ಸಾಲು ಓದಿದರು.

“ಕೇಳಿಸ್ಲಿಲ್ಲ ಸಾರ್,” ಅಂದಳು ಟೈಪಿಸ್ಟು.

ಅವರು ಇನ್ನೊಮ್ಮೆ ಓದಿದರು. ಗಟ್ಟಿಯಾಗಿ. ಆಮೇಲೆ ಅದೇ, ಅದೇ, ಅದೇ ಎಂದು ಪುಟದ ಕೊನೆಯ ತನಕ. ಟೈಪಿಸ್ಟು ಒಂದನ್ನೂ ಬಿಡದೆ, ಮೂವತ್ತೊಂದು ಸಾಲನ್ನೂ ಹೊಡೆದಳು.